ಅರಸನ ಯಂತ್ರಕ್ಕೆ ಹೊದಿಸಿದ ಶಾಲು

"ಕೇಳ್ರಪ್ಪೋ ಕೇಳಿ! ಅರಸು ರಣಧೀರರಾಯರ ಆಟದ ಕಂಪ್ಯೂಟರು ಕುಂಟುತ್ತಿದೆ. ಮೂರು ಒಗಟು ಬಿಡಿಸಿ, ಯಾವ ಭಾಗ ಬದಲಿಸಬೇಕೆಂದು ಹೇಳಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಕೋಟೆ ಬಾಗಿಲಿಗೆ!"

ಡಂಗುರ ಕೇಳಿ, ಅರಮನೆ ಗುಡಿಸುವ ಚೆಲುವಿ ಪೊರಕೆ ಕೆಳಗಿಟ್ಟಳು. ಆ ಯಂತ್ರಕ್ಕೆ ಹೊಸ ಭಾಗಗಳನ್ನು ಹಾಕಿದವನು ಅವಳ ಅಣ್ಣ ಬೋರಯ್ಯ. ಆದರೂ ಅದು ಕುಂಟಿದ್ದಕ್ಕೆ ಅವನಿಗೆ ಗಲ್ಲು. ಸಂಜೆ ನಗಾರಿ ಮೂರು ಸಲ ಬಡಿದರೆ ಅವನ ಕತೆ ಮುಗಿದಂತೆ.

ಸಭೆಯಲ್ಲಿ ಅವಳಿಗಿಂತ ಮುಂದೆ ಇಬ್ಬರು ನಿಂತಿದ್ದರು.

"ಚುರುಕು ಚಿತ್ರಕಾರನನ್ನು ಕರೆತಂದೆ. ಅವನು ಕುಂಚ ಹಿಡಿದು ಸುಮ್ಮನೆ ಕೂತಿದ್ದಾನೆ. ಯಾಕೆ?" ಎಂದ ಅರಸ.

"ಇನ್ನೂ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕು, ಪ್ರಭು" ಎಂದ ವ್ಯಾಪಾರಿಯನ್ನು ಭಟರು ಎಳೆದೊಯ್ದರು.

"ಅಡುಗೆಯವನು ಹಿಡಿ ಉಪ್ಪಿಗೂ ಉಗ್ರಾಣಕ್ಕೆ ಓಡುತ್ತಾನೆ. ಯಾಕೆ?"

"ಉಗ್ರಾಣ ಸಾಲದು, ದೊಡ್ಡ ಡಿಸ್ಕ್ ಹಾಕಿಸಿ" ಎಂದ ಪಂಡಿತನೂ ಹಾಗೇ ಹೋದ. ಓದಿದವರು ಬಾಯಿಬಿಟ್ಟು ಕೆಟ್ಟರು. ಚೆಲುವಿ ಮುಂದೆ ಬಂದಳು.

"ಚಿತ್ರಕಾರ ಅಂದ್ರೆ ಗ್ರಾಫಿಕ್ಸ್ ಕಾರ್ಡು. ಅವನಿಗೆ ಏನು ಬರೀಬೇಕು ಅಂತ ಹೇಳೋನು ನಿಧಾನ, ಬುದ್ಧಿ. ಅದು ಪ್ರೊಸೆಸರ್ರು. ಅಡುಗೆಯವನಿಗೆ ಕೈಯಳತೇಲಿ ಸಾಮಾನು ಇಡೋಕೆ ಕಟ್ಟೆ ಸಣ್ಣದು. ಅದು ರ್‍ಯಾಮು. ನಮ್ಮಣ್ಣ ಎರಡನ್ನೂ ಬದಲಾಯ್ಸವ್ನೆ."

"ಹೌದು, ಎಲ್ಲವೂ ಹೊಸದು" ಎಂದ ಅರಸ. "ಇದು ಮೂರನೆಯ ಒಗಟು. ಆದರೂ ಮೊದಲ ಆಟ ಜಿಂಕೆಯಂತೆ ಓಡುತ್ತದೆ, ಎರಡನೆಯದು ಕುಂಟುತ್ತದೆ. ಈಗ ಏನು ಕೊಳ್ಳಲಿ?"

ಹೊರಗೆ ನಗಾರಿ ಒಮ್ಮೆ ಬಡಿಯಿತು.

ಉತ್ತರ ಚೆಲುವಿಗೆ ಗೊತ್ತಿತ್ತು. ದಿನಾ ಗುಡಿಸುವಾಗ ಅವಳ ಕೈಗೆ ಆ ಯಂತ್ರದ ಬಿಸಿ ತಾಗುತ್ತಿತ್ತು. ಆಯುಧಪೂಜೆಯ ದಿನ ಅರಸನೇ ಅದಕ್ಕೆ ಕುಂಕುಮವಿಟ್ಟು, ಹಾರ ಹಾಕಿ, ಜರಿ ಶಾಲು ಹೊದಿಸಿದ್ದ. ಅರಸ ಹೊದಿಸಿದ್ದನ್ನು ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ.

"ಏನೂ ಕೊಳ್ಬೇಡಿ ಬುದ್ಧಿ. ಮೊದಲ ಆಟದಲ್ಲೇ ಕಾದು ಅದಕ್ಕೆ ಉಸಿರು ಕಟ್ತೈತೆ. ಫ್ಯಾನು ಬಿಸಿ ಗಾಳಿ ಬಿಡೋ ಕಡೇನೇ ನಿಮ್ಮ ಶಾಲು ಮುಚ್ಚೈತೆ."

ಅರಸನ ಮುಖ ಕಪ್ಪಿಟ್ಟಿತು. ಅವನೇ ಎದ್ದು ಶಾಲು ಕಿತ್ತೆಸೆದು, ಹಾರ ತೆಗೆದು, ಆಟಕ್ಕೆ ಕೂತ. ಸ್ವಲ್ಪ ಹೊತ್ತಿಗೆ ತೆರೆಯ ಮೇಲಿನ ಕುದುರೆಗಳು ಎಲ್ಲೂ ತಡವರಿಸದೆ ಓಡತೊಡಗಿದವು.

"ನೀನು ಗೆದ್ದೆ ಕಣೇ! ಏನು ಬೇಕು?"

"ನಮ್ಮಣ್ಣನ್ನ ಬಿಡಿ ಬುದ್ಧಿ."

"ಆಗಲಿ. ಇದೊಂದು ಆಟ ಮುಗೀಲಿ."

ನಗಾರಿ ಎರಡನೆಯ ಸಲ ಬಡಿಯಿತು. "ಬುದ್ಧಿ!" ಎಂದು ಅವಳು ಅಂಗಲಾಚಿದಳು. "ಇದೊಂದೇ" ಎಂದ ಅರಸ ತಿರುಗಿಯೂ ನೋಡಲಿಲ್ಲ.

ಚೆಲುವಿ ಇನ್ನು ಕಾಯಲಿಲ್ಲ. ನೆಲದಲ್ಲಿ ಬಿದ್ದಿದ್ದ ಶಾಲನ್ನು ಎತ್ತಿ, ಯಂತ್ರಕ್ಕೆ ಬಿಗಿಯಾಗಿ ಹೊದಿಸಿ, ಮೇಲೆ ಎರಡೂ ಕೈ ಒತ್ತಿ ನಿಂತಳು. ಯಂತ್ರದ ಬಿಸಿ ಇನ್ನೂ ಪೂರ್ತಿ ಆರಿರಲಿಲ್ಲ. ಫ್ಯಾನು ಊಳಿಟ್ಟಿತು, ಕುದುರೆಗಳು ಮುಗ್ಗರಿಸಿದವು. ಭಟರು ಅವಳ ಕುತ್ತಿಗೆಗೆ ಕತ್ತಿ ಹಿಡಿದರೂ ಅವಳು ಕೈ ತೆಗೆಯಲಿಲ್ಲ.

"ಮೊದಲು ನಮ್ಮಣ್ಣ. ಆಮೇಲೆ ನಿಮ್ಮ ಆಟ."

ಅರಸ ಮೊದಲ ಸಲ ಅವಳ ಮುಖ ನೋಡಿದ. ಬೆರಳಿನ ಮುದ್ರೆಯುಂಗುರ ತೆಗೆದು ಭಟನತ್ತ ಎಸೆದ. ಭಟ ಅದನ್ನು ಹಿಡಿದು ಗಲ್ಲುಗಂಬದತ್ತ ಓಡಿದ.

ಬೋರಯ್ಯ ಒಳಗೆ ಬಂದಾಗ ಅವನ ಕುತ್ತಿಗೆಯ ಸುತ್ತ ಹಗ್ಗದ ಕೆಂಪು ಗುರುತಿತ್ತು. ಅವನನ್ನು ಕಣ್ಣಾರೆ ಕಂಡ ಮೇಲೆಯೇ ಚೆಲುವಿ ಶಾಲು ತೆಗೆದಳು. ಅದನ್ನು ಅರಸನಿಗೆ ಕೊಡಲಿಲ್ಲ, ನಡುಗುತ್ತಿದ್ದ ಅಣ್ಣನಿಗೆ ಹೊದಿಸಿ ಕರೆದುಕೊಂಡು ಹೋದಳು.