ಇಲಿಯಕ್ಕನೂ ಬೀಟಲ್ ಕಾರೂ

ಊರಿನ ಎಷ್ಟೋ ಕಾರುಗಳಲ್ಲಿ ಸಂಸಾರ ಹೂಡಿ, ಅವುಗಳ ವೈರು ಕಡಿದು ಹೆಸರು ಮಾಡಿದ ಇಲಿಯಕ್ಕ ಎಳೆ ಮರಿಗಳನ್ನು ಕಚ್ಚಿಕೊಂಡು ಒಂದು ಶೆಡ್ಡಿಗೆ ಬಂದಳು. ಅಲ್ಲಿ ಬೋರಲು ಹಾಕಿದ ಬೋಗುಣಿಯಂಥ ಒಂದು ಫೋಕ್ಸ್‌ವ್ಯಾಗನ್ ಬೀಟಲ್ ನಿಂತಿತ್ತು. ಎಂಜಿನ್ನಿನ ಶಾಖ ತಗುಲಿದರೆ ಮರಿಗಳು ಉಳಿಯುವುದಿಲ್ಲವೆಂದು ಬಲ್ಲ ಇಲಿಯಕ್ಕ ಸೀದಾ ಕಾರಿನ ಹಿಂಭಾಗಕ್ಕೆ ನುಗ್ಗಿದಳು.

"ಅಕ್ಕಾ, ಅಲ್ಲಿಗೆ ಹೋಗಬೇಡಿ. ನನ್ನ ಎಂಜಿನ್ ಹಿಂದಿದೆ, ಸಾಮಾನಿಡುವ ಡಿಕ್ಕಿ ಮುಂದಿದೆ" ಎಂದಿತು ಕಾರು.

"ಯಾರಿಗೆ ಹೇಳ್ತೀಯಪ್ಪಾ? ಎದೆಯನ್ನು ಕುಂಡೆಯಲ್ಲಿ ಇಟ್ಟುಕೊಂಡವರು ಎಲ್ಲಾದರೂ ಉಂಟೇ?"

"ಜರ್ಮನಿಯವರು ನನ್ನನ್ನು ಸಾಮಾನ್ಯ ಜನರಿಗೆಂದೇ ಹೀಗೆ ಕಟ್ಟಿದರು. ನನ್ನ ಎಂಜಿನ್ ತಣಿಯಲು ನೀರು ಬೇಡ, ಗಾಳಿ ಸಾಕು. ಅಜ್ಜ ಕೊಂಡ ನನ್ನನ್ನು ಈಗ ಮೊಮ್ಮಗಳು ಓಡಿಸುತ್ತಾಳೆ."

"ನಿನ್ನ ವಂಶಾವಳಿ ಕೇಳಿದವರಾರು? ಕಾರು ಅಂದಮೇಲೆ ಎಂಜಿನ್ ಮುಂದೆ. ನಾನು ನೋಡದ ಕಾರಿಲ್ಲ" ಎಂದು ಇಲಿಯಕ್ಕ ಮರಿಗಳನ್ನು ಅಲ್ಲೇ ಮಲಗಿಸಿದಳು.

ಬೆಳಿಗ್ಗೆ ಮೊಮ್ಮಗಳು ಬಂದು ಕೀ ತಿರುಗಿಸಿದಳು. ಎಂಜಿನ್ ಗುಡುಗುತ್ತಿದ್ದಂತೆ ಅವಳು ನಿಧಾನವಾಗಿ ಗಾಜು ಒರೆಸತೊಡಗಿದಳು. ಅಷ್ಟರಲ್ಲಿ ಇಲಿಯಕ್ಕನ ಹಾಸಿಗೆ ದೋಸೆ ಹೆಂಚಿನಂತೆ ಕಾಯಿತು. ಬಾಲ ಸುಟ್ಟುಕೊಂಡೇ ಅವಳು ಮರಿಗಳನ್ನೆಲ್ಲ ಒಂದೊಂದಾಗಿ ಕೆಳಗಿಳಿಸಿದಳು. ಕಾರು ಹೊರಟುಹೋಯಿತು.

ಇಲಿಯಕ್ಕ ಸುಧಾರಿಸಿಕೊಂಡು ಮರಿಗಳಿಗೆ ಹೇಳಿದಳು: "ಮಕ್ಕಳೇ, ಬುದ್ಧಿ ಬಂತು. ಕಾರು ಅಂದಮೇಲೆ ಎಂಜಿನ್ ಇರುವುದು ಹಿಂದೆಯೇ." ಹಾಗೆಂದವಳೇ ಪಕ್ಕದಲ್ಲಿದ್ದ ಹೊಸ ಕಾರಿನ ಮೂತಿಯೊಳಗೆ ಅವುಗಳನ್ನು ಸಾಗಿಸತೊಡಗಿದಳು.

"ಅಕ್ಕಾ, ನನ್ನ ಎಂಜಿನ್ ಮುಂದೆ..." ಎಂದಿತು ಹೊಸ ಕಾರು.

"ನೀನೂ ಶುರು ಮಾಡಬೇಡ" ಎಂದಳು ಇಲಿಯಕ್ಕ.