ಮೇಲೆ ನಿಂತ ತಿಳಿಯಲ್ಲಿ ಏನಿದೆ

“ಕೇಳ್ರಪ್ಪೋ ಕೇಳಿ! ಅರಸುಮಗಳು ಹೊನ್ನಾಂಬೆಯ ಮೂರು ಒಗಟು ಬಿಡಿಸಿದವನಿಗೆ ಮಗಳೂ ಉಂಟು, ಅರ್ಧ ರಾಜ್ಯವೂ ಉಂಟು! ಒಂದು ತಪ್ಪಿದರೂ ಸಂಜೆಗೆ ತಲೆದಂಡ!”

ಹಾಲಗುಂದದಲ್ಲಿ ಈ ಡಂಗುರ ಬಿದ್ದು ವರ್ಷ ತುಂಬಿತ್ತು. ಐದು ತಲೆ ಉರುಳಿದ್ದವು. ಬುದ್ಧಿಯಿಲ್ಲದವನ ಜೊತೆ ಬಾಳುವುದಕ್ಕಿಂತ ಇದೇ ವಾಸಿ ಎಂದು ಹೊನ್ನಾಂಬೆಗೆ ಒಳಗೊಳಗೇ ಹೆಮ್ಮೆ. ಒಗಟು ಕಟ್ಟಿದವರು ಆಸ್ಥಾನದ ಪಂಡಿತರು. ಉತ್ತರಗಳೂ ಅವರ ಓಲೆಯಲ್ಲಿದ್ದವು. ಪಂಡಿತರು ಬರೆದ ಮೇಲೆ ಪರೀಕ್ಷಿಸುವವರು ಯಾರು?

ಅಂದು ಮೂವರು ಬಂದಿದ್ದರು. ಹೊನ್ನಾಂಬೆ ಎರಡು ಬಟ್ಟಲು ಮುಂದಿಟ್ಟಳು. “ಇದು ಸುಣ್ಣದ ತಿಳಿ, ಇದು ಬಟ್ಟೆ ಒಗೆಯುವ ಚೌಳಿನ ತಿಳಿ. ಸೇರಿಸಿದರೆ ಬೆಳ್ಳಗೊಡೆದು ತಳ ಹಿಡಿಯುತ್ತದೆ. ಆ ಬಿಳಿ ಯಾರ ಮನೆಯದು?”

“ಬಿಳಿ ಅಂದ ಮೇಲೆ ಸುಣ್ಣದ್ದೇ,” ಎಂದ ವರ್ತಕರ ಮಗ. ಕಾವಲಿನವರು ಅವನ ಕೈ ಕಟ್ಟಿದರು. ಪಾಳೆಯಗಾರರ ಮಗ “ಎರಡರದೂ ಒಂದೊಂದು ಪಾಲು” ಎಂದು ಗೆದ್ದ.

“ಇದೇ ಚೌಳಿನ ತಿಳಿಗೆ ಅಡುಗೆ ಉಪ್ಪಿನ ನೀರು ಬೆರೆಸಿದರೆ ತಳ ಹಿಡಿಯುವುದೇನು? ಬೆರೆಸುವ ಮೊದಲೇ ಹೇಳಬೇಕು.”

“ಮತ್ತೆ ಅದೇ ಬಿಳಿ.”

ಬೆರೆಸಿ ಎಷ್ಟು ಕಾದರೂ ಏನೂ ಕೂರಲಿಲ್ಲ. ಅವನ ಕೈಯನ್ನೂ ಕಟ್ಟಿದರು.

ಮೂರನೆಯವನು ಮಾಚ, ನದಿಯ ಘಟ್ಟದಲ್ಲಿ ಬಟ್ಟೆ ಒಗೆಯುವವನು. ಅವನ ಅಂಗೈ ಚರ್ಮವೆಲ್ಲ ಸುಲಿದಿತ್ತು. ಎರಡು ಒಗಟಿನ ಕಾರಣವನ್ನೂ ಒಟ್ಟಿಗೇ ಹೇಳಿದ.

“ಅಮ್ಮಣ್ಣೀ, ಎರಡು ಮನೆ, ಎರಡು ಜೋಡಿ ಅನ್ಕಳಿ. ನೀರಿಗಿಳಿದ ಮ್ಯಾಲೆ ಜೋಡಿ ಬಿಚ್ಕಂಡು ನಾಕು ಜನವೂ ಬ್ಯಾರೆ ಬ್ಯಾರೆ ಓಡಾಡ್ತಾರೆ. ಸುಣ್ಣದ ಮನೆಯೋರೊಬ್ರು, ಚೌಳಿನ ಮನೆಯೋರೊಬ್ರು ಕೈ ಹಿಡುದ್ರೆ ಆ ಹಿಡಿತವ ನೀರು ಬಿಡಿಸಾಕಾಗಕಿಲ್ಲ. ಮುಳುಗ್ತಾರೆ. ಉಪ್ಪು, ಚೌಳಲ್ಲಿ ಯಾರು ಯಾರ ಕೈ ಹಿಡುದ್ರೂ ನೀರು ಬಿಡಿಸ್ತದೆ. ಅದ್ಕೇ ಏನೂ ಕೂರಾಕಿಲ್ಲ.”

ಇವನಾದರೂ ಉಳಿಯಲಿ ಎಂದು ಹೊನ್ನಾಂಬೆಗೆ ಮೊದಲ ಸಲ ಅನಿಸಿತು. “ಮೊದಲ ಬಟ್ಟಲಲ್ಲಿ ಬಿಳಿ ಕೂತ ಮೇಲೆ, ಮೇಲೆ ನಿಂತ ತಿಳಿಯಲ್ಲಿ ಏನಿದೆ?”

“ಉಳಿದಿಬ್ರೂ ಅಲ್ಲೇ ಅವ್ರೆ.”

ಅವಳು ಪಂಡಿತರ ಓಲೆ ನೋಡಿದಳು. ಓಲೆಯಲ್ಲಿ ‘ಬರೀ ನೀರು’ ಎಂದಿತ್ತು. “ತಪ್ಪು,” ಎಂದಳು ಮೆಲ್ಲಗೆ.

ಮಾಚ ಅಲುಗಲಿಲ್ಲ. “ಹೋದ ತಿಂಗಳು ಇಲ್ಲೇ ತಲೆ ಕೊಟ್ಟ ನಮ್ಮಣ್ಣ ದ್ಯಾವನೂ ಇದನ್ನೇ ಅಂದಿದ್ದ. ಕುದಿಸಿ ನೋಡಿ ಅಂತ ಕೈ ಮುಗಿದಿದ್ನಂತೆ.”

ಹೊನ್ನಾಂಬೆಗೆ ನೆನಪಾಯಿತು. ಹೌದು, ಮುಗಿದಿದ್ದ. ತಾನು ನಕ್ಕು ಮುಖ ತಿರುಗಿಸಿದ್ದಳು.

“ಒಲೆ ಹೊತ್ತಿಸಿ,” ಎಂದಳು.

ಮೇಲಿನ ತಿಳಿಯನ್ನಷ್ಟೇ ಬಸಿದು ಮಡಕೆಯಲ್ಲಿ ಕುದಿಸಿದರು. ನೀರು ಬತ್ತಿತು. ತಳದಲ್ಲಿ ಬೆಳ್ಳನೆಯ ಹೆಕ್ಕಳಿಕೆ ಉಳಿಯಿತು.

“ಮುಟ್ಟಬ್ಯಾಡಿ, ಸುಡ್ತದೆ. ಅರಮನೆ ಸೀರೆ ನಾವು ಬೇಯ್ಸೋದು ಚರ್ಮ ಸುಲಿಯೋ ಈ ಖಾರದಲ್ಲೇ,” ಎಂದ ಮಾಚ. ಅವಳು ಮುಟ್ಟಿಯೇ ಬಿಟ್ಟಳು. ಬೆರಳು ಉರಿಯಿತು, ಆದರೂ ಬೇಗ ತೆಗೆಯಲಿಲ್ಲ. ಪಂಡಿತರು ನೆಲ ನೋಡುತ್ತಿದ್ದರು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಅರಸರು ಆ ಇಬ್ಬರ ಕಟ್ಟು ಬಿಚ್ಚಿಸಿದರು. ಮಾಚನಿಗೆ ಅರ್ಧ ರಾಜ್ಯ, ಮಗಳು ಎಂದರು.

“ಬ್ಯಾಡಿ ಬುದ್ಧಿ. ದ್ಯಾವ ಹೇಳಿದ್ದು ಸರಿ ಅಂತ ಡಂಗುರ ಹೊಡಿಸಿ. ನಮ್ಮವ್ವ ಕೇಳ್ಲಿ.”

ಅರಸರು ನದಿಯ ಘಟ್ಟವನ್ನು ಅವನ ಮನೆಗೆ ಉಂಬಳಿ ಬಿಟ್ಟರು. ಡಂಗುರದವನ ಹಿಂದೆ ಹೊನ್ನಾಂಬೆ ತಾನೇ ಬರಿಗಾಲಲ್ಲಿ ಘಟ್ಟಕ್ಕೆ ನಡೆದಳು. “ಮಡಿವಾಳರ ದ್ಯಾವ ಹೇಳಿದ್ದೇ ಸರಿ! ತಪ್ಪು ಅರಮನೆಯದು!” ಎಂದು ಸಾರಿದಾಗ ದ್ಯಾವನ ಮುದಿ ಅವ್ವ ಬಟ್ಟೆ ಸೆಳೆಯುವುದನ್ನು ನಿಲ್ಲಿಸಿದಳು.

“ಸರಿ ಅಂತ ನಂಗೆ ಅವತ್ತೇ ಗೊತ್ತಿತ್ತು ತಾಯಿ,” ಎಂದಳು. “ಕುದಿಸಿ ನೋಡಿ ಅಂತ ಕೇಳ್ಕೋ ಮಗ, ಅರಮನೆಯೋರು ನೋಡ್ತಾರೆ ಅಂತ ಹೇಳಿ ಕಳಿಸ್ದೋಳೇ ನಾನು.”