ಸಂಕವ್ವನ ಗುಳಗಿ ಡಬ್ಬಿ

ಹೇಳಿದ ಮಾತು ಕೇಳದ ಮಕ್ಕಳನ್ನು ಹೆತ್ತವರು ಊರ ತುಂಬ ಇದ್ದಾರೆ, ಅವರ ಗೋಳು ಎಲ್ಲರಿಗೂ ಗೊತ್ತು. ಗದಗಿನ ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವ ಸಂಕವ್ವನ ಗೋಳೇ ಬೇರೆ. ಆಕೆಯ ಮಗ ಕಲ್ಮೇಶಿ ಹೇಳಿದ ಮಾತನ್ನೆಲ್ಲ ಕೇಳುತ್ತಿದ್ದ! ಒಂದಕ್ಷರ ಬಿಡದೆ ಕೇಳುತ್ತಿದ್ದ! ಬಾಗಿಲು ನೋಡಿಕೋ ಅಂದರೆ ಬಾಗಿಲಿನ ಎದುರು ಕೂತು ಬಾಗಿಲನ್ನೇ ನೋಡುತ್ತಿದ್ದ. ಹಿತ್ತಲಿನಿಂದ ಬೆಕ್ಕು ಬಂದು ಹಾಲು ಕುಡಿದು, ಮೀಸೆ ಒರೆಸಿಕೊಂಡು ಹೋದರೂ ಬಾಗಿಲ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ. ಅವನಿಗೂ ಮೀಸೆ ಬಂದು ಎಷ್ಟೋ ವರ್ಷವಾಗಿತ್ತು. ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು.

ಆದರೆ ಅಡಿಗೆ ಅಂದರೆ ಕಲ್ಮೇಶಿಯದೇ. ಅವ್ವ ಒಮ್ಮೆ ಹೇಳಿಕೊಟ್ಟ ಅಳತೆ ಅವನ ಕೈಯಲ್ಲಿ ತಪ್ಪುತ್ತಿರಲಿಲ್ಲ. ಅವ್ವ ಹಾಕಿಕೊಟ್ಟ ಕಟ್ಟಳೆಯೂ ತಪ್ಪುತ್ತಿರಲಿಲ್ಲ. ಉಣ್ಣುವವರ ಬಟ್ಟಲು ಬರಿದಾಗಬಾರದು, ಅದೊಂದು. ಗಿರಾಕಿಗೆ ಬೇರೆ, ಮನೆಯವರಿಗೆ ಬೇರೆ ಅಡಿಗೆ ಮಾಡಬಾರದು, ಎಲ್ಲರಿಗೂ ಒಂದೇ ಹಂಡೆ, ಅದು ಇನ್ನೊಂದು. ಈ ಎರಡು ಕಟ್ಟಳೆಯಿಂದಲೇ ಸಂಕವ್ವನ ಖಾನಾವಳಿಗೆ ಹೆಸರು ಬಂದಿತ್ತು.

ಹೆಸರಿನ ಜೊತೆ ಮೈಯೂ ಬಂದಿತ್ತು. ಸಂಕವ್ವ ಬಾಗಿಲಲ್ಲಿ ನಿಂತರೆ ಗಿರಾಕಿ ಒಳಗೆ ಬರಲು ದಾರಿ ಇರುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಬಂತು, ಮೊಣಕಾಲು ಹೋಯಿತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಹುಬ್ಬಳ್ಳಿಯ ಡಾಕ್ಟರಬಾಯಿ ಶಾಹೀನ ಪರೀಕ್ಷೆ ಮಾಡಿ ಮುಚ್ಚುಮರೆ ಇಲ್ಲದೆ ಹೇಳಿದರು:

"ಸಂಕವ್ವಾ, ಹಿಂಗ ಇದ್ರ ಗುಂಡಿಗಿ ಭಾಳ ದಿನ ತಡಿಯೂದಿಲ್ಲ. ಆಪರೇಷನ್ ಮಾಡಿ ಹೊಟ್ಟಿ ಸಣ್ಣದ ಮಾಡೂನು."

ಸಂಕವ್ವನಿಗೆ ಸಾಯುವ ಹೆದರಿಕೆ ಅಷ್ಟಿರಲಿಲ್ಲ. ಆದರೆ ತಾನು ಹೋದರೆ ಈ ಮಗನನ್ನು ನೋಡುವವರು ಯಾರು? ಯಾರೋ ಬಾವಿ ನೋಡು ಅಂದರೆ ಇಳಿದೇ ನೋಡುವವನು! ಆ ಒಂದು ಹೆದರಿಕೆಗೆ ಹೂಂ ಅಂದಳು. ಕಂಡಕ್ಟರ್ ಗದಿಗೆಪ್ಪ ಮತ್ತು ಇನ್ನೂ ಮೂರು ಜನ ಗಿರಾಕಿಗಳು ಸೇರಿ, ಉಸಿರು ಬಿಗಿಹಿಡಿದು, ಆಕೆಯನ್ನು ಎತ್ತಿ ಟೆಂಪೋದಲ್ಲಿ ಕೂಡಿಸಿದರು.

ಆಪರೇಷನ್ ಚೆನ್ನಾಗಿ ಆಯಿತು. ಮನೆಗೆ ಕಳಿಸುವಾಗ ಡಾಕ್ಟರಬಾಯಿ ತಾಯಿ ಮಗ ಇಬ್ಬರನ್ನೂ ಕೂಡಿಸಿಕೊಂಡರು.

"ನನ್ನ ಕೆಲಸ ಮುಗೀತು, ನಿಮ್ಮದು ಈಗ ಸುರು. ಹೊಟ್ಟಿ ಈಗ ಮುಷ್ಟಿಯಷ್ಟೈತಿ. ಮೊದಲ ಬರೇ ತೆಳ್ಳಂದು, ಗುಟುಕು ಗುಟುಕು ಕುಡೀಬೇಕು. ಇಷ್ಟ ಇಷ್ಟ ಉಂಡ್ರ ಮೈಗೆ ಬೇಕಾದ್ದು ಸಿಗೂದಿಲ್ಲ, ಅದಕ್ಕ ವಿಟಮಿನ್ ಗುಳಗಿ. ಬದುಕಿರೋತನಕ ಬಿಡಂಗಿಲ್ಲ. ತಿಳೀತೇನಪಾ ಕಲ್ಮೇಶಿ?"

"ತಿಳೀತ್ರಿ!" ಅಂದ ಕಲ್ಮೇಶಿ. ಸಂಕವ್ವನ ಎದೆ ಝಲ್ ಅಂದಿತು.

ಮನೆಗೆ ಬಂದ ದಿನವೇ ಗದಿಗೆಪ್ಪ ಮಾತಾಡಿಸಲು ಬಂದ. ಸಂಕವ್ವ ಸಣ್ಣ ಬಟ್ಟಲಲ್ಲಿ ಬೇಳೆಯ ತಿಳಿ ಹಿಡಿದುಕೊಂಡು, ಮಾತಾಡುತ್ತ ಒಂದೊಂದು ಗುಟುಕು ಕುಡಿಯುತ್ತಿದ್ದಳು. ಕುಡಿದಳು, ಮಾತಾಡಿದಳು. ಮಾತಾಡಿದಳು, ಕುಡಿದಳು. ಇದೇನು, ಬಟ್ಟಲು ಮುಗಿಯುತ್ತಲೇ ಇಲ್ಲವಲ್ಲ! ಹಿಂದೆ ನಿಂತು ಕಲ್ಮೇಶಿ ಸುರಿಯುತ್ತಲೇ ಇದ್ದ. ಅಷ್ಟರಲ್ಲಿ ಎದೆಯ ಕೆಳಗೆ ಕತ್ತರಿಸಿದ ಹಾಗೆ ನೋವು ಬಂತು. ಕುಡಿದದ್ದೆಲ್ಲ ವಾಂತಿ. ಹೊಲಿಗೆ ಬಿಚ್ಚಿತೋ ಏನೋ ಅಂತ ಗದಿಗೆಪ್ಪ ಬೆವತುಹೋದ.

"ಲೇ ಖೋಡಿ! ನನ್ನ ಕೊಲ್ಲಬೇಕಂತ ಮಾಡಿಯೇನು?"

"ನೀನ ಹೇಳಿಯಲ್ಲ ಯವ್ವಾ, ಉಣ್ಣವರ ಬಟ್ಟಲ ಬರಿದಾಗಬಾರದಂತ!"

"ಅದು ಗಿರಾಕಿಗೆ ಲೇ! ನನಗ ಒಂದ ಬಟ್ಟಲ, ಮುಗೀತಂದ್ರ ಮುಗೀತು. ಇನ್ನ ಮ್ಯಾಲೆ ನನಗ ಏನ ಕೊಟ್ರೂ ನುಣ್ಣಗ ರುಬ್ಬಿ, ಅರಿವ್ಯಾಗ ಸೋಸಿ ಕೊಡು. ತಿಳೀತಿಲ್ಲೋ?"

"ತಿಳೀತು!"

ಮರುದಿನ ಗುಳಗಿ ಸುರು ಮಾಡುವ ದಿನ. ಒಳಗೆ ಮಿಕ್ಸರ್ ಗರ್ ಅಂದದ್ದು ಸಂಕವ್ವನಿಗೆ ಕೇಳಿತು. ಕಲ್ಮೇಶಿ ಬಟ್ಟಲು ತಂದ. ಒಳಗೆ ಕೆಂಪೂ ಅಲ್ಲದ, ಬಿಳಿಯೂ ಅಲ್ಲದ ನೀರು.

"ಏನಲೇ ಇದು?"

"ಗುಳಗಿ ಯವ್ವಾ. ಕೆಂಪವು, ಬಿಳೇವು, ಎಲ್ಲಾ ನುಣ್ಣಗ ರುಬ್ಬಿ ಸೋಸೇನಿ."

"ಎಲ್ಲಾ ಅಂದ್ರ?"

"ಎಲ್ಲಾ! ಅರಿವ್ಯಾಗ ಉಳದ ಗಸಿ ಹಿತ್ತಲಕ್ಕ ಚೆಲ್ಲೇನಿ."

ತಿಂಗಳ ಗುಳಗಿ ನುಗ್ಗೆ ಗಿಡದ ಬುಡ ಸೇರಿತ್ತು. ಸಂಕವ್ವ ಹಣೆ ಹಣೆ ಬಡಿದುಕೊಂಡು ಡಾಕ್ಟರಬಾಯಿಗೆ ಫೋನ್ ಮಾಡಿದಳು. ಅವರು ಕಲ್ಮೇಶಿಗೇ ಫೋನ್ ಕೊಡಿಸಿ ಬೈದರು.

"ಸೋಸಿದ್ದು ತಪ್ಪು, ಒಟ್ಟಿಗೆ ಹಾಕಿದ್ದು ಇನ್ನೂ ದೊಡ್ಡ ತಪ್ಪು! ಕೆಂಪು ಗುಳಗಿಯಾಗ ವಿಟಮಿನ್ ಜೋಡಿ ಕಬ್ಬಿಣ ಐತಿ, ಬಿಳೇದರಾಗ ಕ್ಯಾಲ್ಸಿಯಂ. ಎರಡೂ ಕೂಡಿದ್ರ ಒಂದನ್ನೊಂದು ಮೈಗೆ ಹತ್ತಗೊಡೂದಿಲ್ಲ. ನಡುವ ಎರಡು ತಾಸರ ಬಿಡಬೇಕು."

"ತಿಳೀತ್ರಿ!"

ಅವತ್ತು ಮಧ್ಯಾಹ್ನ ಖಾನಾವಳಿಯಲ್ಲಿ ಗಲಾಟೆಯೋ ಗಲಾಟೆ. ಸಂಕವ್ವ ಗೋಡೆ ಹಿಡಿದುಕೊಂಡು ಬಂದು ನೋಡಿದರೆ, ಎಲ್ಲರ ತಾಟಿನಲ್ಲೂ ಬರೀ ರೊಟ್ಟಿ. ಪಲ್ಯದ ಪಾತ್ರೆ ತಬ್ಬಿಕೊಂಡು ಕಲ್ಮೇಶಿ ಗಡಿಯಾರದ ಕೆಳಗೆ ನಿಂತಿದ್ದಾನೆ!

"ಯಕ್ಕಾ, ಪಲ್ಯ ಎರಡ ತಾಸಿನ ಮ್ಯಾಲಂತ! ನನ್ನ ಬಸ್ ನಿಲ್ಲತೈತೇನು?" ಅಂತ ಗದಿಗೆಪ್ಪ ಕೂಗಿದ.

"ಕೂಡಿದ್ರ ಮೈಗೆ ಹತ್ತೂದಿಲ್ಲಂತ ಯವ್ವಾ. ಡಾಕ್ಟರಬಾಯಿ ಅಂದಾರ!"

"ಅಯ್ಯ ನನ್ನ ಕರ್ಮ! ಅದು ನನ್ನ ಗುಳಗಿಗೆ! ಬಡಸು ಪಲ್ಯ!"

ಬಡಿಸಿದ. ಅರ್ಧ ಜನ ಎದ್ದುಹೋಗಿ ಆಗಿತ್ತು. ಸಂಕವ್ವನಿಗೆ ಬೈಯಲೂ ಕಸುವಿರಲಿಲ್ಲ. ಹೊಸ ಗುಳಗಿ ಬಂದಿದ್ದವು, ಅವುಗಳ ಬಣ್ಣ ಕಂಡರೇ ಆಕೆ ಮುಖ ತಿರುಗಿಸುತ್ತಿದ್ದಳು. ಮಗನ ಕೈ ಹಿಡಿದು ಬೇಡಿಕೊಂಡಳು:

"ಕಲ್ಮೇಶಿ, ನನ್ನ ಬಂಗಾರಾ. ಒಂದಿನಾನೂ ತಪ್ಪಸಬ್ಯಾಡ, ಆದ್ರ ನನ್ನ ಕಣ್ಣಿಗೆ ತೋರಸಬ್ಯಾಡ. ಮುಂಜಾನೆ ಒಂದು, ಸಂಜಿಕ ಒಂದು, ನನಗ ಕಾಣದಂಗ ಬ್ಯಾಳಿ ತಿಳಿಯೊಳಗ ಕರಗಿಸಿಬಿಡು."

"ತಿಳೀತು!"

ಅಲ್ಲಿಂದ ಮುಂದೆ ಎಲ್ಲ ಸುರಳೀತ ನಡೆಯಿತು ಅಂತ ಸಂಕವ್ವ ತಿಳಿದಳು. ಮೈ ಇಳಿಯಿತು, ಹಳೆಯ ಕುಪ್ಪಸ ಜೋಲಾಡತೊಡಗಿತು, ಏದುಸಿರು ಹೋಯಿತು. ಆದರೆ ಆಮೇಲೆ ಬಾಚಣಿಗೆಯ ತುಂಬ ಕೂದಲು ಬರತೊಡಗಿತು. ನಾಲಿಗೆ ಉರಿ. ಪಾದದಲ್ಲಿ ಜೋಮು ಹಿಡಿದದ್ದು ಬಿಡಲೇ ಇಲ್ಲ, ಮೊಣಕಾಲಿನವರೆಗೂ ಏರಿತು. ಒಂದು ಮುಂಜಾನೆ ಮಂಚದಿಂದ ಕಾಲಿಟ್ಟರೆ ನೆಲ ಎಲ್ಲಿದೆ ಅಂತ ಗೊತ್ತಾಗಲಿಲ್ಲ. ದೊಪ್ಪನೆ ಬಿದ್ದಳು.

"ಗುಳಗಿ ಕೊಟ್ಟೀಯೇನಲೇ?"

"ಕೊಟ್ಟೇನಿ ಯವ್ವಾ!"

"ತಪ್ಪಿಸಿಲ್ಲಲ್ಲ?"

"ಒಂದಿನಾನೂ ಇಲ್ಲ!"

ಸುಳ್ಳು ಹೇಳುವಷ್ಟು ಬುದ್ಧಿ ಕಲ್ಮೇಶಿಗೆ ಇಲ್ಲ, ಅದು ಸಂಕವ್ವನಿಗೆ ಗೊತ್ತು. ಹಾಗಾದರೆ ಗುಳಗಿ ತಿಂದೂ ಹೀಗಾಗುತ್ತಿದೆ ಅಂದರೆ ತನ್ನ ಕಾಲ ಮುಗಿಯಿತು ಅಂತಲೇ ಲೆಕ್ಕ. ಹುಬ್ಬಳ್ಳಿಗೆ ಹೋಗುವ ದಾರಿಯುದ್ದಕ್ಕೂ ಆಕೆ ಮಗನ ಮುಖವನ್ನೇ ನೋಡುತ್ತ ಕೂತಳು. ಅವನು ಕಿಟಕಿಯಲ್ಲಿ ಹೋಗುವ ಎತ್ತುಗಳನ್ನು ನೋಡಿ ನಗುತ್ತಿದ್ದ.

ಡಾಕ್ಟರಬಾಯಿ ರಕ್ತದ ವರದಿ ನೋಡಿ ಕನ್ನಡಕ ತೆಗೆದರು.

"ರಕ್ತದಾಗ ವಿಟಮಿನ್ ಅನ್ನೂದ ಇಲ್ಲ! ನೀವು ಗುಳಗಿ ತಗೊಂಡೇ ಇಲ್ಲ!"

"ತಗೊಂಡೇನ್ರೀ! ನನ್ನ ಮಗಾ ದಿನಾ ತಿಳಿಯೊಳಗ ಹಾಕಿ ಕೊಡ್ತಾನ್ರೀ!"

"ಹೌದ್ರಿ," ಅಂದ ಕಲ್ಮೇಶಿ. "ಮುಂಜಾನೆ ಹಂಡೇಕ ಬಿಳೇದು, ಸಂಜೀ ಹಂಡೇಕ ಕೆಂಪಂದು."

ಡಾಕ್ಟರಬಾಯಿ ವರದಿ ಕೆಳಗಿಟ್ಟರು.

"ಹಂಡೇಕ?" ಅಂದಳು ಸಂಕವ್ವ.

"ದೊಡ್ಡ ಸಾರಿನ ಹಂಡೇಕ ಯವ್ವಾ. ಎಲ್ಲಾರಿಗೂ ಒಂದ ಹಂಡೆ ಅಲ್ಲೇನು? ಅದರಾಗ ಕರಗಿಸಿ, ಮ್ಯಾಲಿನ ತಿಳಿ ನಿನಗೊಂದ ಬಟ್ಟಲ, ಉಳದದ್ದಕ್ಕ ಒಗ್ಗರಣಿ ಹಾಕಿ ಗಿರಾಕಿಗೆ."

ಆಹಾ! ಗದಗಿನ ಕಂಡಕ್ಟರು, ಹಮಾಲರು, ಹೂ ಮಾರುವವರು ಎಲ್ಲರ ಹೊಟ್ಟೆಗೂ ಸಂಕವ್ವನ ವಿಟಮಿನ್ ಹೋಗಿತ್ತು. ಸಂಕವ್ವನ ಪಾಲಿಗೆ ಬಂದದ್ದು ಅದರ ವಾಸನೆ.

ಡಾಕ್ಟರಬಾಯಿಗೆ ನಗು ಬರಲಿಲ್ಲ. ಅವತ್ತೇ ಸಂಕವ್ವನನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಇಂಜೆಕ್ಷನ್ ಸುರು ಮಾಡಿದರು. ಪಾದಕ್ಕೆ ನೆಲ ತಿಳಿಯಲು ಎಷ್ಟೋ ದಿನ ಹಿಡಿಯಿತು. ಮನೆಗೆ ಕಳಿಸುವಾಗ ಕಲ್ಮೇಶಿಯ ಎರಡೂ ಹೆಗಲು ಹಿಡಿದು ನಿಲ್ಲಿಸಿದರು.

"ಅವ್ವನ ಕೈಯಾಗ ಗುಳಗಿ ಇಡು. ನುಂಗೂದು ನೋಡು. ಮತ್ತ ಗುಳಗಿ ಡಬ್ಬಿ ಖಾಲಿ ಆಗಾಕ ಬಿಡಬ್ಯಾಡ! ಡಬ್ಬಿ ಖಾಲಿ ಆತು ಅಂದ್ರ ನಿಮ್ಮವ್ವ ಈ ಸಲ ಎದ್ದೇಳೂದಿಲ್ಲ."

ಕಲ್ಮೇಶಿ ತಿಳೀತು ಅನ್ನಲಿಲ್ಲ. ಅವನ ಮುಖದಲ್ಲಿ ಹೆದರಿಕೆ ಕಂಡದ್ದು ಅದೇ ಮೊದಲು. ಔಷಧಿ ಅಂಗಡಿಯವನು ಡಬ್ಬಿ ಕೊಡುತ್ತ, "ಬಿಸಿಲಿಗೆ ಇಡಬ್ಯಾಡಪಾ. ತಂಪ ಜಾಗಾದಾಗ, ಮುಚ್ಚಳ ಬಿಗಿಯಾಗಿ ಹಾಕಿ, ಹುಡುಗರ ಕೈಗೆ ಸಿಗದಂಗ ಎತ್ತರದಾಗ ಇಡು" ಅಂದ. ಅದನ್ನೂ ಕಲ್ಮೇಶಿ ಬಾಯಲ್ಲಿ ಮತ್ತೆ ಮತ್ತೆ ಅಂದುಕೊಳ್ಳುತ್ತ ಬಂದ.

ದಿನಾ ಅಂಗೈಯಲ್ಲಿ ಗುಳಗಿ ಇಟ್ಟ. ನುಂಗುವುದನ್ನು ನೋಡಿದ. ಅವ್ವನ ಕೆನ್ನೆಗೆ ಬಣ್ಣ ಬಂತು, ಮಗನ ಕೆನ್ನೆ ಮಾತ್ರ ಇಳಿಯಿತು. ಡಬ್ಬಿ ಅಲ್ಲಾಡಿಸಿ ನೋಡುತ್ತಿದ್ದ, ಮೂಲೆಗೆ ಹೋಗಿ ಕೂರುತ್ತಿದ್ದ. ಕೊನೆಗೂ ಇವನಿಗೆ ಬುದ್ಧಿ ಬಂತು, ಅದಕ್ಕೇ ನಗು ಹೋಯಿತು ಅಂತ ಸಂಕವ್ವ ತಿಳಿದಳು.

ಒಂದು ದಿನ ಮುಂಜಾನೆಯ ಗುಳಗಿ ಮಧ್ಯಾಹ್ನವಾದರೂ ಬರಲಿಲ್ಲ.

"ಕಲ್ಮೇಶಿ! ಗುಳಗಿ ತಾ!"

"ತರೂದಿಲ್ಲ!"

"ಮುಗದಾವೇನು?"

"ಒಂದೈತಿ!"

"ತಾ ಮತ್ತ!"

"ಕೊಡೂದಿಲ್ಲ!"

ಗಿರಾಕಿಗಳು ಕೈಯ ತುತ್ತು ಕೈಯಲ್ಲೇ ಹಿಡಿದು ಎದ್ದು ಬಂದರು. ಗದಿಗೆಪ್ಪ ಕಸಿದುಕೊಳ್ಳಲು ಹೋದ. ಕಲ್ಮೇಶಿ ಡಬ್ಬಿಯನ್ನು ಎದೆಗೆ ಅವಚಿಕೊಂಡು ಮೂಲೆ ಸೇರಿದ. ಸಂಕವ್ವನಿಗೆ ಆ ಜೋಮು ನೆನಪಾಯಿತು, ನೆಲ ಸಿಗದೆ ಬಿದ್ದದ್ದು ನೆನಪಾಯಿತು.

"ಹೊಸಾ ಡಬ್ಬಿ ತರಾಕ ಹೇಳಿದ್ನೆಲ್ಲಲೇ? ತಂದಿಲ್ಲೇನು?"

"ತಂದೇನಿ. ತುಂಬೇತಿ. ಅದನ್ನ ತಗದ್ರ ಅದೂ ಖಾಲಿ ಆಗಾಕ ಸುರು ಆಕ್ಕೈತಿ!" ಅಂದವನೇ ಕಲ್ಮೇಶಿ ಹೋ ಅಂತ ಅತ್ತ. "ಖಾಲಿ ಆದ್ರ ನೀ ಎದ್ದೇಳೂದಿಲ್ಲಂತ ಯವ್ವಾ! ಡಾಕ್ಟರಬಾಯಿ ಅಂದಾರ!"

ಸಂಕವ್ವನ ಬಾಯಲ್ಲಿದ್ದ ಬೈಗುಳ ಅಲ್ಲೇ ನಿಂತಿತು. ಆಪರೇಷನ್ನಿಗೆ ಹೂಂ ಅನ್ನುವಾಗ ತನ್ನ ಎದೆಯಲ್ಲಿದ್ದ ಹೆದರಿಕೆಯೇ ಈ ಮೂಲೆಯಲ್ಲಿ ಕೂತು ಅಳುತ್ತಿತ್ತು. ಹತ್ತಿರ ಹೋಗಿ ಅವನ ತಲೆ ಸವರಿದಳು.

"ನನ್ನ ಮಗನ, ಇಲ್ಲಿ ಕೇಳು. ಖರೇ ಡಬ್ಬಿ ಅದಲ್ಲ, ನಾನ ಡಬ್ಬಿ. ಖಾಲಿ ಆಗಬಾರದ್ದು ನಾನು. ಅದರಾಗಿಂದು ತಗದು ನನ್ನೊಳಗ ಹಾಕು, ನಾ ತುಂಬತೇನಿ."

ಕಲ್ಮೇಶಿ ಅಳು ನಿಲ್ಲಿಸಿದ. ಅವ್ವನನ್ನು ನೋಡಿದ, ಡಬ್ಬಿ ನೋಡಿದ.

"ನೀನ ಡಬ್ಬಿ?"

"ನಾನ ಡಬ್ಬಿ."

"ತಿಳೀತು!" ಅಂದ, ಮುಖ ಅರಳಿಸಿ. ಕೊನೆಯ ಗುಳಗಿ ಕೊಟ್ಟ. ಸಂಕವ್ವ ನುಂಗಿದಳು. ಎಲ್ಲರೂ ಉಸಿರು ಬಿಟ್ಟು ಊಟಕ್ಕೆ ಹೋದರು. ಆಕೆ ಹಿತ್ತಲಲ್ಲಿ ಬಿಸಿಲಿಗೆ ಮೈ ಕಾಯಿಸಲು ಕೂತು, ಎಷ್ಟೋ ತಿಂಗಳ ಮೇಲೆ ನೆಮ್ಮದಿಯಾಗಿ ಕಣ್ಣು ಮುಚ್ಚಿದಳು.

ಎಚ್ಚರಾದಾಗ ಆಕೆ ಗಾಳಿಯಲ್ಲಿದ್ದಳು! ಕಲ್ಮೇಶಿ ಎರಡೂ ಕೈಯಲ್ಲಿ ಎತ್ತಿಕೊಂಡು ಏಣಿ ಹತ್ತುತ್ತಿದ್ದ!

"ಲೇ! ಲೇ! ಎಲ್ಲಿಗೊಯ್ತಿ?"

"ಬಿಸಿಲಿಗೆ ಇಡಬಾರದಂತ ಯವ್ವಾ! ತಂಪ ಜಾಗಾದಾಗ, ಎತ್ತರದಾಗ!"

ಉಗ್ರಾಣದ ಅಟ್ಟದ ಮೇಲೆ, ಸಂಡಿಗೆ ಡಬ್ಬಿಗಳ ನಡುವೆ, ಮೆತ್ತಗೆ ಕೂಡಿಸಿದ. ಸಾರಿನ ಹಂಡೆಯ ಮುಚ್ಚಳ ತಂದು ಆಕೆಯ ತಲೆಯ ಮೇಲೆ ಬಿಗಿಯಾಗಿ ಒತ್ತಿದ.

ಸಂಕವ್ವ ಬೈಯಲು ಬಾಯಿ ತೆರೆದಳು. ಆಗ ಹೊಳೆಯಿತು: ನಾಲ್ಕು ಜನ ಉಸಿರು ಬಿಗಿಹಿಡಿದು ಎತ್ತಿದ ಮೈಯನ್ನು ಇವನೊಬ್ಬನೇ ಎತ್ತಿದ್ದ! ಏಣಿಯ ಮೇಲೆ ಎತ್ತಿದ್ದ! ಮುಚ್ಚಳದ ಕೆಳಗೆ ಆಕೆಗೆ ನಗುವೂ ಬಂತು, ಅಳುವೂ ಬಂತು.

"ಅಲ್ಲಲೇ, ನಾ ಇಲ್ಲಿದ್ರ ಸಂಜೀ ಗುಳಗಿ ಹೆಂಗ ಕೊಡ್ತಿ?"

ಕಲ್ಮೇಶಿ ಯೋಚನೆ ಮಾಡಿದ. ಕೆಳಗಿಳಿದು ಹೋಗಿ ಹೊಸ ಡಬ್ಬಿ, ನೀರಿನ ತಂಬಿಗೆ ಎರಡನ್ನೂ ತಂದ. ಅಟ್ಟ ಹತ್ತಿ ಅವ್ವನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ಆಮೇಲೆ ಹುಡುಗರು ಹತ್ತಿ ಬಂದಾರು ಅಂತ ಏಣಿಯನ್ನು ಕಾಲಿಂದ ಒದ್ದು ಕೆಳಗೆ ಕೆಡವಿದ.

ಗದಿಗೆಪ್ಪನ ಬಸ್ಸು ಆಗಲೇ ಊರು ಬಿಟ್ಟಿತ್ತು. ಅದು ತಿರುಗಿ ಬರುವತನಕ ತಾಯಿ ಮಗ ಇಬ್ಬರೂ ಅಟ್ಟದ ಮೇಲೇ ಕೂತಿದ್ದರು. ಸಂಜೆಯ ಗುಳಗಿ ಮಾತ್ರ ಹೊತ್ತಿಗೆ ಸರಿಯಾಗಿ ಆಯಿತು.